ಗದ್ದೆ ತುಂಬ ಬೇಳೆ!

ಕವಿಗೋಷ್ಠಿ ಎಂದರೆ ಕೊನೆಯ ಸಾಲಿನಲ್ಲಿ ಕುಳಿತು, ಬಟಾಟೆವಡೆಯ ತಟ್ಟೆ ಯಾವಾಗ ಬರುತ್ತದೆ ಎಂದು ಕಾಯುವವರು ನೀವು. ನನಗೆ ಗೊತ್ತು ಮಕ್ಕಳೇ, ನನ್ನ ಮಗಳೂ ಹಾಗೆಯೇ. ಆದರೆ ಕಳೆದ ರಾಜ್ಯೋತ್ಸವದ ಗೋಷ್ಠಿಯಲ್ಲಿ ನಡೆದದ್ದನ್ನು ನಿಮಗೆ ಹೇಳಲೇಬೇಕು.

ಅಂದು ನಮ್ಮ ಬಡಾವಣೆಯ ಹಿರಿಯ ಕವಿಗಳು ಓದುವವರಿದ್ದರು. ವಯಸ್ಸು ಎಂಬತ್ತರ ಹತ್ತಿರ. ಹುಡುಗನಾಗಿದ್ದಾಗಲೇ ಊರು ಬಿಟ್ಟು ಮುಂಬಯಿಗೆ ಬಂದು, ಹಗಲೆಲ್ಲ ಫೋರ್ಟಿನ ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತವರು. ಕರಾವಳಿಯಿಂದ ಬಂದ ಎಷ್ಟೋ ಹುಡುಗರಿಗೆ ಈ ನಗರದ ಕನ್ನಡ ರಾತ್ರಿಶಾಲೆಗಳೇ ದಾರಿ ತೋರಿಸಿದವು.

ಅವರ ಕಣ್ಣಿನ ಪೊರೆಯ ಆಪರೇಷನ್ ಆಗಿ ಕೆಲವೇ ದಿನಗಳಾಗಿದ್ದವು. ಎರಡು ಸಾಲು ಓದಿ ನಿಂತುಬಿಟ್ಟರು. ಅಕ್ಷರ ಕಾಣಿಸಲಿಲ್ಲ. ನೀರು ಕೊಡಲು ಹೋಗಿದ್ದ ನನ್ನ ಮಗಳ ಕೈಗೆ ಕಾಗದ ಕೊಟ್ಟು, “ನೀನೇ ಓದು ಮಗಾ” ಎಂದರು.

ಅವಳು ಕಾಗದ ನೋಡಿದಳು, ನನ್ನನ್ನು ನೋಡಿದಳು. “ಅಜ್ಜಾ, ನನಗೆ ಮಾತಾಡಲು ಬರ್ತದೆ. ಓದಲು ಬರೋದಿಲ್ಲ.”

ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ನಾನು ತಲೆ ತಗ್ಗಿಸಿದೆ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನಾನು ಅವಳಿಗೆ ವರ್ಡ್ಸ್‌ವರ್ತನ ಡ್ಯಾಫೊಡಿಲ್ ಪದ್ಯ ಬಾಯಿಪಾಠ ಮಾಡಿಸಿದ್ದೆ. ಆ ಹೂವನ್ನು ನಾನೇ ಕಂಡವಳಲ್ಲ! ‘ಅ ಆ ಇ ಈ’ಗೆ ಮಾತ್ರ ‘ಮುಂದಿನ ರಜೆಯಲ್ಲಿ ನೋಡೋಣ’ ಎನ್ನುತ್ತಾ ವರ್ಷಗಳನ್ನು ಕಳೆದಿದ್ದೆ. ತಪ್ಪು ಅವಳದಲ್ಲ.

ಕವಿಗಳು ಬೇಸರಿಸಲಿಲ್ಲ. “ಅದಕ್ಕೇನು? ಉಳಿದವರು ಓದುತ್ತಿರಲಿ. ಅಷ್ಟರಲ್ಲಿ ಅಮ್ಮ ಹೇಳಲಿ, ನೀನು ಮರಾಠಿ ಅಕ್ಷರದಲ್ಲಿ ಬರೆದುಕೋ. ಕೊನೆಗೆ ನೀನೇ ಓದಬೇಕು” ಎಂದರು.

ಮೂಲೆಯಲ್ಲಿ ಕುಳಿತು ಬರೆಸಿದೆ. ಅವಳು ಧೈರ್ಯವಾಗಿ ಓದಿದಳು. ಆದರೆ ‘ಗದ್ದೆ ತುಂಬ ಬೆಳೆ’ ಎನ್ನುವುದು ‘ಗದ್ದೆ ತುಂಬ ಬೇಳೆ’ ಆಗಿಬಿಟ್ಟಿತು! ಸಭೆ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಕವಿಗಳೇ: “ಒಳ್ಳೆಯದಾಯಿತು, ಸಾರಿಗೆ ಸಾಕು!” ಮತ್ತೆ ತಿಳಿಸಿ ಹೇಳಿದರು: ಮರಾಠಿ ಬರವಣಿಗೆಯಲ್ಲಿ ನಮ್ಮ ಹಾಗೆ ಹ್ರಸ್ವ ಎ, ಹ್ರಸ್ವ ಒ ಬೇರೆಯಾಗಿಲ್ಲ. ಬೆಳೆ, ಬೇಳೆ ಎರಡೂ ಅಲ್ಲಿ ಒಂದೇ.

ಕಾರ್ಯಕ್ರಮ ಮುಗಿದ ಮೇಲೆ ಮಗಳು ಕೇಳಿದಳು, “ಆ ಗದ್ದೆ ಈಗಲೂ ಇದೆಯಾ ಅಜ್ಜಾ?”

“ಮಾರಿ ಬಹಳ ಕಾಲವಾಯಿತು ಮಗಾ. ಈ ಕಾಗದದಲ್ಲಿ ಇರುವಷ್ಟೇ ಉಳಿದದ್ದು.”

ಮನೆಗೆ ಬಂದವಳು ತಾನಾಗಿ ಕೇಳಿದಳು, “ಅಮ್ಮಾ, ಕಲಿಸ್ತೀಯಾ?”

ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಿಮಗೆ ಇದು ಬೆಟ್ಟ ಹತ್ತುವ ಕೆಲಸವೇನಲ್ಲ. ಈಗಿನ ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳು. ಕ ಖ ಗ ಘ ಎಂಬ ಕ್ರಮ ಶಾಲೆಯ ಮರಾಠಿಯಿಂದ ನಿಮಗೆ ಆಗಲೇ ಗೊತ್ತು; ನಮ್ಮ ‘ಳ’ ಕೂಡ ಅಲ್ಲಿದೆ. ಕಲಿಯಬೇಕಾದದ್ದು ಹೆಚ್ಚಾಗಿ ಅಕ್ಷರಗಳ ಆಕಾರ, ಜೊತೆಗೆ ಆ ಎರಡು ಹ್ರಸ್ವಗಳು. ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಕುಳಿತು, ನನ್ನ ಮಗಳು ಈಗ ಕಾಗುಣಿತಕ್ಕೆ ಬಂದಿದ್ದಾಳೆ.

ಮುಂದಿನ ಗೋಷ್ಠಿಗೆ ಬನ್ನಿ, ಮುಂದಿನ ಸಾಲಿನಲ್ಲೇ ಕುಳಿತುಕೊಳ್ಳಿ. ಅಜ್ಜನ ಕಣ್ಣು ಈಗ ಸರಿಯಾಗಿದೆ. ಆದರೂ ಕಾಗದವನ್ನು ನಿಮ್ಮ ಕೈಗೆ ಕೊಟ್ಟರೂ ಕೊಟ್ಟಾರು!