ಮೈನಸ್ ಮೂವತ್ತರ ಶೂರರು

‘ಎಲ್ಲ ಕೋರ್‌ಗೂ ಮೈನಸ್ 30, ರಾಕ್ ಸ್ಟೇಬಲ್ ಗುರು!’ ಎಂದು ಗೆಳೆಯನೊಬ್ಬ ಮೊನ್ನೆ ಪ್ರೊಸೆಸರಿನ ವೇಗ ಅಳೆಯುವ ಸಿನೆಬೆಂಚ್ ಅಂಕದ ಸ್ಕ್ರೀನ್‌ಶಾಟ್ ಕಳಿಸಿದ. ಎಷ್ಟು ಹೊತ್ತು ಓಡಿಸಿದೆ ಅಂದೆ. ‘ಹತ್ತು ನಿಮಿಷ. ಸಾಲದಾ?’ ಅಂದ. ಹತ್ತು ನಿಮಿಷಕ್ಕೆ ದೋಸೆಯ ಅಕ್ಕಿಯೂ ನೆನೆಯುವುದಿಲ್ಲ ಮಾರಾಯ!

ಪ್ರೊಸೆಸರನ್ನು ಹಿಗ್ಗಾಮುಗ್ಗಾ ಓಡಿಸುವುದರಲ್ಲಿ ಲಾಭವಿದ್ದ ಕಾಲವೊಂದಿತ್ತು, ಒಪ್ಪುತ್ತೇನೆ. 1998ರ ಸೆಲೆರಾನ್ 300ಎ ಚಿಪ್ಪಿನ ಬಸ್ಸನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಅದು 450ರಲ್ಲಿ ಓಡುತ್ತಿತ್ತು. ದುಬಾರಿ ಪೆಂಟಿಯಂ 2ರ ಪಕ್ಕ ಎದೆಯುಬ್ಬಿಸಿ ನಿಲ್ಲುತ್ತಿತ್ತು. ಅರ್ಧದಷ್ಟು ವೇಗ ಪುಕ್ಕಟೆ ಸಿಗುವಾಗ ಅಪಾಯಕ್ಕೊಂದು ಅರ್ಥವಿತ್ತು. ಈಗ ಟರ್ಬೋ ಹೆಸರಿನಲ್ಲಿ ಕಾರ್ಖಾನೆಯವರೇ ಹಿಂಡಿ ಕಳಿಸುತ್ತಾರೆ. ನಮಗೆ ಉಳಿಯುವುದು ಬರೀ ಸಿಪ್ಪೆ. ಬಿಸಿಯೋ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ: 1.25ರಿಂದ 1.35 ವೋಲ್ಟ್‌ಗೆ ಹೋದರೆ ಅದರಿಂದಲೇ ಸುಮಾರು ಶೇ. 17ರಷ್ಟು ಹೆಚ್ಚು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಚಿಪ್ಪುಗಳು ಯಾರೂ ಕೈಹಾಕದಿದ್ದರೂ ವಿಪರೀತ ವೋಲ್ಟೇಜಿನಿಂದ ಕೆಟ್ಟು, 2024ರಲ್ಲಿ ಕಂಪನಿಯೇ ಮೈಕ್ರೋಕೋಡ್ ತಿದ್ದಿ ವಾರಂಟಿಯನ್ನು ಎರಡು ವರ್ಷ ಹಿಗ್ಗಿಸಬೇಕಾಯಿತು.

ಹಾಗಾಗಿ ನನ್ನ ಚಟ ಉಲ್ಟಾ: ವೋಲ್ಟೇಜ್ ಇಳಿಸುವುದು. ರೈಜೆನ್ 5600ಎಕ್ಸ್‌ನ ಬಯಾಸ್‌ನಲ್ಲಿ ಕರ್ವ್ ಆಪ್ಟಿಮೈಜರ್ ತೆರೆದು ಒಂದೊಂದೇ ಕೋರನ್ನು ಮಾತಾಡಿಸುವುದು. ಅಲ್ಲಿನ ಮೈನಸ್ ಅಂಕಿಯ ಒಂದು ಮೆಟ್ಟಿಲೆಂದರೆ ಮೂರರಿಂದ ಐದು ಮಿಲಿವೋಲ್ಟ್ ಇಳಿಕೆ. ಒಂದು ಕೋರ್ ಮೈನಸ್ 27ಕ್ಕೂ ತುಟಿ ಪಿಟಕ್ಕೆನ್ನದು. ಪಕ್ಕದ್ದು ಮೈನಸ್ 12 ದಾಟಿದರೆ ಮುನಿಸಿಕೊಳ್ಳುತ್ತದೆ. ಹಾಗೆ ಮುನಿಯುವುದು ಬಹುತೇಕ ಜಾಣ ಕೋರೇ. ಅದಕ್ಕೆ ಮೊದಲೇ ಬಿಗಿಯಾಗಿ ಅಳೆದು ಕೊಟ್ಟಿರುತ್ತಾರೆ. ಸರಿಹೋದ ಮೇಲೆ ಬಿಸಿ ಇಳಿದು, ಫ್ಯಾನಿನ ಗೊರಗೊರ ತಗ್ಗಿ, ವೇಗ ಮಾತ್ರ ಕದಲದೆ ನಿಂತಾಗಿನ ಖುಷಿಯೇ ಬೇರೆ.

ಮೈನಸ್ ಮೂವತ್ತರ ಶೂರರಿಗೆ ಈ ತಾಳ್ಮೆಯಿಲ್ಲ. ಎಲ್ಲ ಕೋರ್‌ಗಳೂ ದುಡಿಯುವಾಗ ಚಿಪ್ಪು ವೇಗ ತಗ್ಗಿಸಿಕೊಂಡಿರುತ್ತದೆ, ಆಗ ಬೀಳುವುದಿಲ್ಲ. ಬೀಳುವುದು ಕೆಲಸವಿಲ್ಲದಾಗ. ಒಂದೇ ಕೋರ್ 4.6 ಗಿಗಾಹರ್ಟ್ಸ್‌ಗೆ ಜಿಗಿದಾಗ, ತೆರೆಯ ಮೇಲೆ ಬರೀ ವಾಲ್‌ಪೇಪರ್ ಇದ್ದಾಗ, ಫಟ್ಟನೆ ರೀಸ್ಟಾರ್ಟ್! ಈವೆಂಟ್ ವ್ಯೂವರ್ ತೆರೆದರೆ ಡಬ್ಲ್ಯುಎಚ್‌ಇಎ ಎರರ್, ಅಂದರೆ ಹಾರ್ಡ್‌ವೇರ್ ದೋಷ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ತೆರೆಯುವವರು ಯಾರು? ಕೋರ್‌ಸೈಕ್ಲರ್ ಹಾಕಿ ಒಂದೊಂದೇ ಕೋರನ್ನು ರಾತ್ರಿಯಿಡೀ ದುಡಿಸಿ ನೋಡುವವರು ಯಾರು? ವಿಂಡೋಸ್ ಸರಿಯಿಲ್ಲ, ರ‍್ಯಾಮ್ ಸರಿಯಿಲ್ಲ, ಎಸ್‌ಪಿ ರೋಡಿನ ಅಂಗಡಿಯವನು ಟೋಪಿ ಹಾಕಿದ ಎನ್ನುತ್ತಾರೆ. ಅಷ್ಟಾದರೂ ಸಹಿಸಬಹುದು. ಅದೇ ಅಂಕಿಯನ್ನು ಪಕ್ಕದ ಮನೆಯ ಕಾಲೇಜು ಹುಡುಗನಿಗೂ ಉಪದೇಶಿಸುತ್ತಾರಲ್ಲ, ಅವನ ಪ್ರಾಜೆಕ್ಟ್ ಫೈಲು ಕೆಟ್ಟಾಗ ಇವರು ಫೋನೇ ಎತ್ತುವುದಿಲ್ಲ. ಇದು ಹವ್ಯಾಸವಲ್ಲ, ಬೇಜವಾಬ್ದಾರಿ.

ಇನ್ನೊಂದು ವಿಷಯವನ್ನು ಇವರು ಬಾಯಿಬಿಡುವುದೇ ಇಲ್ಲ: ಕೋಣೆಯ ಸೆಕೆ. ಎಷ್ಟೇ ಬೆಲೆಯ ಫ್ಯಾನಿನ ಕೂಲರಾಗಲಿ, ನೀರಿನದೇ ಇರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಏಸಿ ಕೋಣೆಯಲ್ಲಿ ಕೂತು 20 ಡಿಗ್ರಿಯಲ್ಲಿ ಪರೀಕ್ಷಿಸಿದ ಚಿಪ್ಪು ಮೇ ತಿಂಗಳ ಕಲಬುರಗಿಗೆ ಬಂದರೆ, ಅಲ್ಲಿನ ಹೆಚ್ಚುವರಿ 20 ಡಿಗ್ರಿಯೂ ಹೆಚ್ಚುಕಡಿಮೆ ನೇರ ಅದರ ತಲೆಯ ಮೇಲೆಯೇ. ಅಂಕದ ಪಕ್ಕ ಊರು, ತಿಂಗಳು, ಕೋಣೆಯ ಉಷ್ಣಾಂಶ ಬರೆಯದವರ ಪ್ರತಾಪವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಿಸೆಂಬರಿನ ಬೆಂಗಳೂರಿನಲ್ಲಿ ಯಾರು ಬೇಕಾದರೂ ಗೆಲ್ಲುತ್ತಾರೆ.