ಪುರಾವೆ ಯಾರು ಕೊಡಬೇಕು?

ನಮ್ಮ ಸಂಘದ ಯುವಕ ಯುವತಿಯರಲ್ಲಿ ಅನೇಕರು ಈಗ ಮುಂಬಯಿಯ ಕಂಪನಿಗಳಲ್ಲಿ ಜವಾಬ್ದಾರಿಯ ಸ್ಥಾನಕ್ಕೆ ಬರುತ್ತಿರುವುದು ಸಂತೋಷದ ಸಂಗತಿ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂದಲು ನರೆತ ನಾನು ಅವರಿಗೆ ಒಂದು ಮಾತು ಹೇಳಬಯಸುತ್ತೇನೆ.

ಅಪಾಯ ಬೇರೆ, ಅನಿಶ್ಚಿತತೆ ಬೇರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲೇ ಈ ಭೇದವನ್ನು ವಿವರಿಸಿದ್ದರು. ಲೆಕ್ಕಕ್ಕೆ ಸಿಗುವುದು ಅಪಾಯ, ಸಿಗದಿರುವುದು ಅನಿಶ್ಚಿತತೆ. ಭಾನುವಾರ ಎಷ್ಟು ಇಡ್ಲಿ ಉಳಿದೀತು ಎಂಬ ಅಂದಾಜು ಮಾಟುಂಗಾದ ಹೋಟೆಲಿನವರಿಗೆ ಇರುತ್ತದೆ. ಆದರೆ 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ, ಮುಚ್ಚಿದ ಬಾಗಿಲು ಮತ್ತೆಂದು ತೆರೆದೀತೆಂಬ ಅಂದಾಜು ಯಾರಿಗೂ ಇರಲಿಲ್ಲ.

ಲೆಕ್ಕಕ್ಕೆ ಸಿಗದ್ದನ್ನು ಲೆಕ್ಕ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯೇ ಸಾಕ್ಷಿ. 1986ರ ಜನವರಿ 27ರ ರಾತ್ರಿ ದೂರವಾಣಿಯಲ್ಲಿ ಸಭೆ ಸೇರಿತ್ತು. ಚಳಿಗೆ ರಾಕೆಟ್ಟಿನ ಕೀಲುಗಳ ರಬ್ಬರ್ ಬಳೆಗಳು ಬಿರುಸಾಗಿ ಅನಿಲ ಸೋರಬಹುದು, ಉಷ್ಣತೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಿದ್ದರೆ ಹಾರಿಸಬೇಡಿ ಎಂದು ರಾಕೆಟ್ ತಯಾರಿಸಿದ ಥಿಯೋಕಾಲ್ ಕಂಪನಿಯ ಎಂಜಿನಿಯರರು ಹೇಳಿದರು. ಆದರೆ ಅವರ ಬಳಿಯಿದ್ದ ಅಂಕಿಅಂಶ ಅಲ್ಪ. ಹಿಂದಿನ 24 ಯಾನಗಳೋ ಕ್ಷೇಮವಾಗಿ ಮರಳಿದ್ದವು. ನಾಸಾ ಆಕ್ಷೇಪಿಸಿತು. ಕೊನೆಗೆ ಕಂಪನಿಯ ನಾಲ್ವರು ಹಿರಿಯ ಅಧಿಕಾರಿಗಳು, ಎಂಜಿನಿಯರರ ಮತ ಕೇಳದೆ, ಹಾರಿಸಬಹುದೆಂದರು. ಮರುದಿನ ಹಾರಿದ 73 ಸೆಕೆಂಡುಗಳಲ್ಲಿ ನೌಕೆ ಒಡೆದುಹೋಯಿತು. ಅದರಲ್ಲಿದ್ದ 7 ಮಂದಿಯೂ ಅಸುನೀಗಿದರು.

ಆ ಅಧಿಕಾರಿಗಳು ದಡ್ಡರಲ್ಲ, ದುಷ್ಟರೂ ಅಲ್ಲ. ಅಲ್ಲಿ ಪ್ರಶ್ನೆ ತಲೆಕೆಳಗಾಯಿತು, ಅಷ್ಟೇ. ‘ಸುರಕ್ಷಿತವೆಂದು ತೋರಿಸಿ’ ಎನ್ನುವುದು ವಾಡಿಕೆ. ಆ ರಾತ್ರಿ ಕೇಳಿದ್ದು ‘ಅಪಾಯವೆಂದು ತೋರಿಸಿ’ ಎಂದು.

ನಮ್ಮ ಸಾಲ ಸಮಿತಿಯಲ್ಲೂ ‘ಈ ಪಾರ್ಟಿಯ ಹಿಂದಿನ ಸಾಲಗಳೆಲ್ಲ ಸಲೀಸಾಗಿ ತೀರಿವೆಯಲ್ಲ’ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಆಗ ನಮ್ಮ ಮುಖ್ಯಸ್ಥರೊಬ್ಬರು ಎಲ್ಲರಿಗಿಂತ ಕಿರಿಯ ಅಧಿಕಾರಿಯನ್ನೇ ಮೊದಲು ಮಾತನಾಡಿಸುತ್ತಿದ್ದರು. ದೊಡ್ಡವರು ಬಾಯಿ ತೆರೆದ ಮೇಲೆ ಚಿಕ್ಕವರ ಸಂಶಯ ಗಂಟಲಲ್ಲೇ ಉಳಿಯುತ್ತದೆಂದು ಅವರಿಗೆ ಗೊತ್ತಿತ್ತು. ಆ ಸಂಶಯವನ್ನು ಕಡತದಲ್ಲಿ ಬರೆಸಿ, ಅದಕ್ಕೆ ಉತ್ತರ ಸಿಕ್ಕ ಮೇಲೆಯೇ ಸಹಿ ಹಾಕುತ್ತಿದ್ದರು.

ಯುವ ಮಿತ್ರರೇ, ನಿಮ್ಮ ಸಂಶಯಕ್ಕೆ ಪುರಾವೆ ಕೇಳಿದರೆ ಅಂಜಬೇಡಿ. ‘ಸುರಕ್ಷಿತ ಎನ್ನುವುದಕ್ಕೆ ಪುರಾವೆ ಏನಿದೆ ಸಾರ್?’ ಎಂದು ವಿನಯದಿಂದಲೇ ಕೇಳಿ. ನಾಳೆ ಆ ಕುರ್ಚಿಯಲ್ಲಿ ನೀವೇ ಕುಳಿತಾಗ, ಆ ಪ್ರಶ್ನೆ ಕೇಳಿದವರನ್ನು ಹತ್ತಿರ ಕೂರಿಸಿಕೊಳ್ಳಿ.