ಬೆಕ್ಕು ಕೋಣೆಯಲ್ಲಿದೆ, ಕೋಣೆಯಲ್ಲಿ ಬೆಕ್ಕಿದೆ

ಜುಲೈ 8, 2024, ಸೋಮವಾರ
ಸುಬ್ರಹ್ಮಣ್ಯಪುರ

ಐಂಡ್‌ಹೋವನ್‌ನಲ್ಲಿ ಶಾಲೆಗೆ ಸೇರಿದ ಮೇಲೆ ಮೊಮ್ಮಗಳ ಬಾಯಿಗೆ ಮೊದಲು ಬರುವುದು ಡಚ್. ಅವಳ ಮಾತು ನನಗೆ ತಪ್ಪಿಹೋಗಬಾರದು, ಅದಕ್ಕೇ ನಾನೂ ಕಲಿಯುತ್ತಿದ್ದೇನೆ. ಗೊತ್ತಿರುವುದನ್ನು ಹೇಳುವಾಗ ನಾಮಪದದ ಮೊದಲು 'ಡೆ' ಇಲ್ಲವೇ 'ಹೆಟ್' ಬರುತ್ತದೆ. ಹೆಚ್ಚಿನವಕ್ಕೆ ಡೆ, ಬಹುವಚನವಾದರೆ ಯಾವಾಗಲೂ ಡೆ. ಪುಟ್ಟದು ಎಂದು ತೋರಿಸುವ ಪ್ರತ್ಯಯ ಸೇರಿದ ಏಕವಚನಕ್ಕೆ ಹೆಟ್. ಹಾಗಾಗಿ ಹುಡುಗಿ, ಅಂದರೆ 'ಮೇಯ್ಶೆ', ನಪುಂಸಕ. ಮಗಳಿಗೆ ಇದು ವಿಚಿತ್ರ, ನನಗಲ್ಲ. ಪುತ್ತೂರಿನ ತವರಿನಲ್ಲಿ, ನಮ್ಮ ಹವ್ಯಕ ಮಾತಿನಲ್ಲಿ, 'ಅಕ್ಕ ಬಂತು' ಎಂದೇ ಹೇಳುವುದು.

ಜುಲೈ 10, ಬುಧವಾರ

'ಎರ್' ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಅರ್ಥ ಹುಡುಕಿ ದಣಿದೆ. ಕನ್ನಡದಲ್ಲಿ ಯೋಚಿಸಿದರೆ ದಾರಿ ಕಾಣುತ್ತದೆ. 'ಕೋಣೆಯಲ್ಲಿ ಬೆಕ್ಕಿದೆ' ಎಂದರೆ ಯಾವುದೋ ಒಂದು ಬೆಕ್ಕು: 'ಎರ್ ಇಸ್ ಎನ್ ಕಾಟ್ ಇನ್ ಡೆ ಕಾಮರ್'. 'ಬೆಕ್ಕು ಕೋಣೆಯಲ್ಲಿದೆ' ಎಂದರೆ ನಮಗೆ ಗೊತ್ತಿರುವ ಆ ಬೆಕ್ಕು: 'ಡೆ ಕಾಟ್ ಇಸ್ ಇನ್ ಡೆ ಕಾಮರ್'. ಡಚ್ಚರು ಎರ್, ಎನ್, ಡೆಗಳಿಂದ ಮಾಡುವುದನ್ನು ನಾವು ಪದಗಳ ಜಾಗ ಬದಲಿಸಿ ಮಾಡುತ್ತೇವೆ. ಇದನ್ನು ಯಾರೂ ಕಲಿಸದೆ ಮಾಡುತ್ತಿದ್ದೆವಲ್ಲ!

ಜುಲೈ 13, ಶನಿವಾರ

ಈಗ ಐಂಡ್‌ಹೋವನ್‌ನಲ್ಲಿ ಬೇಸಿಗೆ, ನಮಗಿಂತ ಮೂರೂವರೆ ಗಂಟೆ ಹಿಂದೆ. ರಾತ್ರಿ ಎಂಟೂವರೆಗೆ ಫೋನ್ ಮಾಡಿದರೆ ಅಲ್ಲಿ ಐದು. ಮಗಳು 'ಆಲ್' ಸೇರಿಸಿ ಹೇಳಿದರೆ 'ಆಗಲೇ ಐದು ಗಂಟೆ', ಮೊಮ್ಮಗಳು 'ಪಾಸ್' ಸೇರಿಸಿ ಹೇಳಿದರೆ 'ಇನ್ನೂ ಐದೇ ಗಂಟೆ'. ಗಡಿಯಾರ ಒಂದೇ, ಆಟ ನಿಲ್ಲಿಸಬೇಕೋ ಬೇಡವೋ ಎಂಬುದು ಆ ಪುಟ್ಟ ಅವ್ಯಯದಲ್ಲಿದೆ.

'ಏವನ್' ಅಂತೂ ನಮ್ಮದೇ. 'ಕೊಮ್ ಏವನ್' ಎಂದರೆ 'ಸ್ವಲ್ಪ ಬಾ'. ಬನಶಂಕರಿ ಬಸ್ಸಿನಲ್ಲಿ ಕಂಡಕ್ಟರ್ 'ಸ್ವಲ್ಪ ಒಳಗೆ ಹೋಗಿ' ಅನ್ನುವುದು ಅಳತೆಯ ಸ್ವಲ್ಪವಲ್ಲ, ಆಜ್ಞೆಯ ಬಿರುಸು ತಗ್ಗಿಸುವ ಸ್ವಲ್ಪ. 'ನೀನು ಬರಲ್ಲ' ಎಂದವರಿಗೆ 'ಬಂದೇ ಬರ್ತೀನಿ' ಎನ್ನುವಾಗಿನ ಒತ್ತು ಅವರ 'ವೆಲ್'ನಲ್ಲಿದೆ. ವಾಕ್ಯ 'ನಾಳೆ'ಯಿಂದ ಶುರುವಾದರೆ ಕ್ರಿಯಾಪದ ಕರ್ತೃವಿಗಿಂತ ಮುಂದೆ ಬರಲೇಬೇಕು: 'ಮೊರ್ಖನ್ ಕೊಮ್ ಇಕ್'. 'ನಾಳೆ ಬರ್ತೀನಿ ನಾನು' ಎಂದು ಮನಸ್ಸಿನಲ್ಲಿ ಹೇಳಿಕೊಂಡೇ ಇದನ್ನು ಕಲಿತೆ.

ಐಂಡ್‌ಹೋವನ್ ಸುತ್ತ ಕನ್ನಡದ ಮನೆಗಳಿವೆ, ಇಲ್ಲಿ ನನ್ನಂಥ ಅಜ್ಜಿಯರಿದ್ದಾರೆ. ಎರಡೂ ಭಾಷೆ ಬಲ್ಲವರು ಇಂಗ್ಲಿಷನ್ನು ನಡುವೆ ತರದೆ, ಕನ್ನಡದ ವಾಕ್ಯಗಳಿಂದಲೇ ಡಚ್ ಕಲಿಸುವ ಪುಸ್ತಕವೊಂದನ್ನು ಬರೆಯಬೇಕು.